ಕರ್ನಾಟಕದ ಅತಿಥಿ ಉಪನ್ಯಾಸಕರ ಗೌರವಧನ ಮತ್ತು ಕಾರ್ಯಭಾರ

'''ಅತಿಥಿ ಉಪನ್ಯಾಸಕರು''' ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಕಾಯಂ ಅಧ್ಯಾಪಕರಿಲ್ಲದ ಬೋಧನಾ ಅವಧಿಗಳನ್ನು ನಿರ್ವಹಿಸಲು ತಾತ್ಕಾಲಿಕವಾಗಿ ನೇಮಕಗೊಳ್ಳುವ ಬೋಧಕರು. ಇವರು ಕಾಲೇಜು ಶಿಕ್ಷಣ ಇಲಾಖೆಯ ವ್ಯಾಪ್ತಿಗೆ ಒಳಪಡುತ್ತಾರೆ. ಇವರಿಗೆ ವೇತನಶ್ರೇಣಿಯಿಲ್ಲ, ನಿಗದಿತ ಗೌರವಧನ ದೊರೆಯುತ್ತದೆ. ಗೌರವಧನ, ಕಾರ್ಯಭಾರ ಮತ್ತು ಸೇವಾ ಭದ್ರತೆ ಇವರ ಸಂಘಟನೆಗಳು ಹಾಗೂ ಸರ್ಕಾರದ ನಡುವಣ ಮಾತುಕತೆಯ ಮುಖ್ಯ ವಿಷಯಗಳಾಗಿವೆ.

== 2022ರ ಪರಿಷ್ಕರಣೆ ==
2021ರ ಡಿಸೆಂಬರ್‌ನಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಮುಷ್ಕರ ಹೂಡಿದರು. ಆಗ ಯುಜಿಸಿ ನಿಗದಿಪಡಿಸಿದ ಅರ್ಹತೆಯುಳ್ಳವರಿಗೆ ಮಾಸಿಕ 13,000 ರೂಪಾಯಿ, ಇಲ್ಲದವರಿಗೆ 11,000 ರೂಪಾಯಿ ಸಿಗುತ್ತಿತ್ತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಹಾವೇರಿ ಜಿಲ್ಲೆಯ ಶಿಗ್ಗಾಂವಿ ಕ್ಷೇತ್ರದ ಶಾಸಕರಾಗಿದ್ದರು. 2022ರ ಜನವರಿಯಲ್ಲಿ ಉನ್ನತ ಶಿಕ್ಷಣ ಸಚಿವ ಸಿ. ಎನ್. ಅಶ್ವತ್ಥನಾರಾಯಣ ಅವರು ಪರಿಷ್ಕೃತ ದರಗಳನ್ನು ಪ್ರಕಟಿಸಿದರು:

* ಯುಜಿಸಿ ಅರ್ಹತೆ ಮತ್ತು 5 ವರ್ಷ ಮೀರಿದ ಸೇವೆ: 32,000 ರೂ.
* ಯುಜಿಸಿ ಅರ್ಹತೆ, 5 ವರ್ಷಕ್ಕಿಂತ ಕಡಿಮೆ ಸೇವೆ: 30,000 ರೂ.
* ಅರ್ಹತೆಯಿಲ್ಲದೆ 5 ವರ್ಷ ಮೀರಿದ ಸೇವೆ: 28,000 ರೂ.
* ಅರ್ಹತೆಯಿಲ್ಲದೆ 5 ವರ್ಷಕ್ಕಿಂತ ಕಡಿಮೆ ಸೇವೆ: 26,000 ರೂ.

== ಕಾರ್ಯಭಾರದ ಪ್ರಶ್ನೆ ==
ಇದರೊಂದಿಗೆ ವಾರದ ಬೋಧನಾ ಅವಧಿಯನ್ನು 8–10 ಗಂಟೆಗಳಿಂದ 15 ಗಂಟೆಗಳಿಗೆ ಏರಿಸಲಾಯಿತು. ಒಂದು ವಿಭಾಗದಲ್ಲಿ ವಾರಕ್ಕೆ 30 ಗಂಟೆಗಳ ಬೋಧನೆಯಿದ್ದರೆ, ತಲಾ 10 ಗಂಟೆಯಂತೆ ಮೂವರು ಬೇಕಾಗುತ್ತಾರೆ. ತಲಾ 15 ಗಂಟೆಯಾದರೆ ಇಬ್ಬರು ಸಾಕು. ಹೀಗಾಗಿ ಉಳಿದವರ ಗಳಿಕೆ ಇಮ್ಮಡಿ ಮೀರಿದರೂ ಹಲವರು ಕೆಲಸ ಕಳೆದುಕೊಳ್ಳಬೇಕಾಯಿತು. ಯುಜಿಸಿಯ 2018ರ ನಿಯಮಾವಳಿಯಂತೆ ಕಾಯಂ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆ ವಾರಕ್ಕೆ 16 ಗಂಟೆ. ಆದ್ದರಿಂದ ಹೊಸ ಕಾರ್ಯಭಾರವು ಕಾಯಂ ಅಧ್ಯಾಪಕರದಕ್ಕೆ ಸಮೀಪಿಸಿತು. ವೇತನದ ಅಂತರ ಮಾತ್ರ ಉಳಿಯಿತು.

== ಕಾಯಮಾತಿಯ ಬೇಡಿಕೆ ==
ಸೇವೆ ಕಾಯಂಗೊಳಿಸಬೇಕೆಂದು 2023ರ ನವೆಂಬರ್‌ನಲ್ಲಿ ಮತ್ತೆ ಮುಷ್ಕರ ಆರಂಭವಾಯಿತು. ಸರ್ಕಾರವು ಸೇವಾವಧಿಯನ್ನು ಅನುಸರಿಸಿ 5,000ದಿಂದ 8,000 ರೂಪಾಯಿವರೆಗೆ ಗೌರವಧನ ಹೆಚ್ಚಳ, ಆರೋಗ್ಯ ವಿಮೆ ಹಾಗೂ 60 ವರ್ಷ ತುಂಬಿದವರಿಗೆ 5 ಲಕ್ಷ ರೂಪಾಯಿವರೆಗಿನ ಇಡುಗಂಟನ್ನು ಘೋಷಿಸಿತು. ಕಾಯಮಾತಿಗೆ ಒಪ್ಪಲಿಲ್ಲ. 2024ರ ಜನವರಿಯಲ್ಲಿ ಪ್ರತಿಭಟನಕಾರರು ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಸಿದರು.

ಈ ಬೇಡಿಕೆಗೆ ಮುಖ್ಯ ಕಾನೂನು ತೊಡಕು ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಸಾರ್ವಜನಿಕ ನೇಮಕಾತಿಯ ನಿಯಮ ಪಾಲಿಸದೆ ಸೇರಿದ ತಾತ್ಕಾಲಿಕ ನೌಕರರಿಗೆ ಕಾಯಮಾತಿಯ ಹಕ್ಕಿಲ್ಲವೆಂದು ತೀರ್ಪಿತ್ತಿತು. ಆದರೆ 2016ರ ಜಗಜಿತ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆಂದು ಹೇಳಿತು.

== ಗ್ರಾಮೀಣ ಕಾಲೇಜುಗಳ ಮೇಲಿನ ಪರಿಣಾಮ ==
ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಂತಹ ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳಿಗೆ ಸುತ್ತಲಿನ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಒಂದು ವಿಷಯವನ್ನು ಅತಿಥಿ ಉಪನ್ಯಾಸಕರೇ ಬೋಧಿಸುವಲ್ಲಿ ಮುಷ್ಕರವಾದರೆ ಆ ವಿಷಯದ ಪಾಠ ಪೂರ್ಣ ನಿಲ್ಲುತ್ತದೆ. ಸೆಮಿಸ್ಟರ್ ಪದ್ಧತಿಯಲ್ಲಿ ಅದನ್ನು ಸರಿದೂಗಿಸಲು ಅವಕಾಶ ಕಡಿಮೆ.