ಸೆರೊವರ್ಟ್: ಮನೆಯ ರೌಟರಿನ ಒಂದು ಮುಕ್ತ ತಂತ್ರಾಂಶದ ಚರಿತ್ರೆ

ಅಂತರ್ಜಾಲದ ತಂತಿಯು ಮನೆಯನ್ನು ಹೊಗುವ ಸ್ಥಳದಲ್ಲಿ ಇರಿಸತಕ್ಕ ಚಿಕ್ಕ ಪೆಟ್ಟಿಗೆಗೆ ರೌಟರೆಂದು ಹೆಸರು. ಹೊರಗಿನಿಂದ ಬಂದ ಸಂದೇಶದ ತುಣುಕುಗಳನ್ನು, ಎಂದರೆ ಪ್ಯಾಕೆಟ್ಟುಗಳನ್ನು, ಮನೆಯ ಯಾವ ಯಂತ್ರಕ್ಕೆ ಸಲ್ಲತಕ್ಕುವೋ ಅದಕ್ಕೆ ಮುಟ್ಟಿಸುವುದೂ ಒಳಗಿನವನ್ನು ಹೊರಕ್ಕೆ ಕಳುಹುವುದೂ ಅದರ ಕೆಲಸ. ನೋಡುವುದಕ್ಕೆ ಅಲ್ಪವಾದರೂ ಅದರೊಳಗೆ ಒಂದು ಪೂರ್ಣವಾದ ಗಣಕಯಂತ್ರವೇ ಅಡಗಿದೆ. ಅದನ್ನು ನಡೆಸುವ ತಂತ್ರಾಂಶವನ್ನು ಫರ್ಮ್‌ವೇರ್ ಎನ್ನುತ್ತಾರೆ. ತಯಾರಕರು ತುಂಬಿಕೊಟ್ಟ ಫರ್ಮ್‌ವೇರನ್ನು ತೆಗೆದು, ಮೂಲಪಾಠವು ಸರ್ವರಿಗೂ ತೆರೆದಿರುವ ಬೇರೊಂದನ್ನು ಅಲ್ಲಿ ನೆಲೆಗೊಳಿಸುವ ಪದ್ಧತಿಯು ಈ ಶತಮಾನದ ಆದಿಯಲ್ಲಿ ಹುಟ್ಟಿತು. ಇದು ಹವ್ಯಾಸಿಗಳ ವಿನೋದವೆಂದೂ, ಅಗ್ಗದ ಪೆಟ್ಟಿಗೆಯಿಂದ ಹೆಚ್ಚು ಸೌಕರ್ಯವನ್ನು ಪಡೆಯುವ ಉಪಾಯವೆಂದೂ ಸಾಮಾನ್ಯವಾದ ಅಭಿಪ್ರಾಯ. ಅದು ಸುಳ್ಳಲ್ಲ, ಆದರೆ ಪೂರ್ಣವಾದ ಮಾತೂ ಅಲ್ಲ. ೨೦೧೧ರಿಂದ ೨೦೧೪ರವರೆಗೆ ನಡೆದ ಸೆರೊವರ್ಟ್ ಎಂಬ ಪ್ರಯತ್ನದ ಚರಿತ್ರೆಯನ್ನು ನೋಡಿದರೆ, ಅಂತರ್ಜಾಲಕ್ಕೇ ತಗುಲಿದ್ದ ಒಂದು ವ್ಯಾಧಿಗೆ ಕಂಡುಹಿಡಿದ ಚಿಕಿತ್ಸೆಯು ಮೊದಲು ಪರೀಕ್ಷಿತವಾದದ್ದು ಜನಗಳ ಮನೆಗಳಲ್ಲಿದ್ದ ಇಂಥ ಪೆಟ್ಟಿಗೆಗಳಲ್ಲಿಯೇ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಈ ದಾರಿ ತೆರೆದ ಬಗೆಯನ್ನು ಸಂಕ್ಷೇಪವಾಗಿ ಹೇಳಬೇಕು. ೨೦೦೨ರ ಡಿಸೆಂಬರಿನಲ್ಲಿ ಲಿಂಕ್‌ಸಿಸ್ ಎಂಬ ಅಮೆರಿಕದ ಸಂಸ್ಥೆಯು ಡಬ್ಲ್ಯುಆರ್‌ಟಿ೫೪ಜಿ ಎಂಬ ರೌಟರನ್ನು ಮಾರಾಟಕ್ಕೆ ತಂದಿತು. ಅದರಲ್ಲಿದ್ದದ್ದು ೧೬ ಮೆಗಾಬೈಟು ಸ್ಮೃತಿ, ೪ ಮೆಗಾಬೈಟು ಫ್ಲ್ಯಾಶ್ ಸಂಗ್ರಹ. ಅದನ್ನು ನಡೆಸುತ್ತಿದ್ದದ್ದು ಲಿನಕ್ಸ್. ಲಿನಕ್ಸಿಗೆ ಅನ್ವಯಿಸುವ ಜಿಪಿಎಲ್ ಎಂಬ ಲೈಸೆನ್ಸಿನ ಪ್ರಕಾರ, ಅದನ್ನು ಯಂತ್ರದಲ್ಲಿ ತುಂಬಿ ಮಾರುವವರು ಮೂಲಪಾಠವನ್ನೂ ಕೊಡತಕ್ಕದ್ದು. ಹಾಗೆ ಕೊಟ್ಟಿಲ್ಲವೆಂಬ ಸಂಗತಿಯು ೨೦೦೩ರ ಜೂನಿನಲ್ಲಿ ಲಿನಕ್ಸ್ ರಚಕರ ನಡುವೆ ಚರ್ಚೆಗೆ ಬಂದು, ಫ್ರೀ ಸಾಫ್ಟ್‌ವೇರ್ ಫೌಂಡೇಷನ್ನಿನವರೂ ಒತ್ತಾಯಿಸಲಾಗಿ, ಸಂಸ್ಥೆಯು ಆ ವರ್ಷವೇ ಪಾಠವನ್ನು ಪ್ರಕಟಿಸಿತು. ಅದನ್ನು ಆಧಾರಮಾಡಿಕೊಂಡು ೨೦೦೪ರ ಜನವರಿಯಲ್ಲಿ ಓಪನ್‌ವರ್ಟ್ ಆರಂಭವಾಯಿತು. ಅದರ ಹೆಸರಿನ ಕಡೆಯ ಮೂರು ಅಕ್ಷರಗಳು ಆ ರೌಟರಿನ ಹೆಸರಿನ ಮೊದಲ ಮೂರೇ ಆಗಿವೆ. ಈ ದಾರಿಯನ್ನು ತೆರೆದದ್ದು ತಯಾರಕರ ಔದಾರ್ಯವಲ್ಲ, ಲೈಸೆನ್ಸಿನ ಒಂದು ವಿಧಿ. ೨೦೦೫ರಲ್ಲಿ ಅದೇ ರೌಟರಿನ ಐದನೆಯ ಆವೃತ್ತಿಯು ಲಿನಕ್ಸನ್ನು ತ್ಯಜಿಸಿ, ಸ್ಮೃತಿಯನ್ನೂ ಸಂಗ್ರಹವನ್ನೂ ಅರ್ಧಕ್ಕೆ ಇಳಿಸಿಕೊಂಡು ಬಂದದ್ದೂ, ಹಳೆಯದನ್ನು ಬಯಸುವವರಿಗಾಗಿ ಡಬ್ಲ್ಯುಆರ್‌ಟಿ೫೪ಜಿಎಲ್ ಎಂಬ ಬೇರೊಂದನ್ನು ಮಾರಬೇಕಾದದ್ದೂ ಈ ಮಾತಿಗೆ ಪೋಷಕವಾಗಿವೆ.

ಇನ್ನು ವ್ಯಾಧಿಯ ವಿಚಾರ. ಪ್ಯಾಕೆಟ್ಟುಗಳು ಮುಂದಿನ ತಂತಿ ತೆರವಾಗುವವರೆಗೆ ಕಾದುಕೊಂಡಿರುವ ಸ್ಥಳಕ್ಕೆ ಬಫರ್ ಎಂದು ಹೆಸರು. ಸ್ಮೃತಿಯ ಬೆಲೆ ಇಳಿದಂತೆಲ್ಲ ತಯಾರಕರು ಬಫರುಗಳನ್ನು ಹಿಗ್ಗಿಸುತ್ತ ಬಂದರು. ಪ್ಯಾಕೆಟ್ಟನ್ನು ಕಳೆಯುವುದು ದೋಷ, ಉಳಿಸಿಕೊಳ್ಳುವುದು ಗುಣ ಎಂಬುದು ಅವರ ತರ್ಕ. ಕೆರೆ ದೊಡ್ಡದಾದಷ್ಟೂ ಊರಿಗೆ ಕ್ಷೇಮವೆಂಬ ಮಾತು ನೀರಿಗೆ ಸಲ್ಲುತ್ತದೆ. ಇಂದು ನಿಂತ ನೀರು ನಾಳೆಯ ಪೈರಿಗೆ ಒದಗುತ್ತದೆ. ದೂರದವರೊಡನೆ ಆಡುತ್ತಿರುವ ಮಾತಿನ ಒಂದು ತುಣುಕು ಎರಡು ಸೆಕೆಂಡು ನಿಂತು ಬಂದರೆ ಅದು ಯಾರಿಗೂ ಒದಗುವುದಿಲ್ಲ. ಸೆಕೆಂಡಿಗೆ ೧೦ ಲಕ್ಷ ಬಿಟ್ಟುಗಳನ್ನು ಕಳುಹಬಲ್ಲ ತಂತಿಯ ಮುಂದೆ ೨೫೬ ಕಿಲೋಬೈಟಿನ ಬಫರು ತುಂಬಿ ನಿಂತರೆ, ಹೊಸದಾಗಿ ಬಂದ ಪ್ಯಾಕೆಟ್ಟು ಕಾಯಬೇಕಾದ ಕಾಲ ಎರಡು ಸೆಕೆಂಡಿಗಿಂತ ಹೆಚ್ಚು. ಇದಕ್ಕಿಂತಲೂ ಗುರುತರವಾದ ಹಾನಿ ಮತ್ತೊಂದುಂಟು. ಕಳುಹುವ ಯಂತ್ರವು ಪ್ಯಾಕೆಟ್ಟು ಕಳೆದಾಗಲೇ ದಾರಿ ತುಂಬಿತೆಂದು ಅರಿತು ವೇಗವನ್ನು ಕುಗ್ಗಿಸುವುದು. ಬಫರು ಯಾವುದನ್ನೂ ಕಳೆಯದಿದ್ದರೆ ಆ ಸೂಚನೆಯೇ ತಲಪದು. ಕಳುಹುವವನು ಸುರಿಯುತ್ತಲೇ ಇರುವನು.

ಈ ನಿಯಮವನ್ನು ವ್ಯವಸ್ಥೆಗೊಳಿಸಿದವರು ವ್ಯಾನ್ ಜೇಕಬ್ಸನ್ ಎಂಬುವರು. ೧೯೮೬ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಗೂ ಬರ್ಕ್ಲಿಯ ವಿಶ್ವವಿದ್ಯಾನಿಲಯಕ್ಕೂ ನಡುವೆ, ೪೦೦ ಗಜಗಳಷ್ಟೇ ದೂರದಲ್ಲಿ, ಸೆಕೆಂಡಿಗೆ ೩೨,೦೦೦ ಬಿಟ್ಟು ಹರಿಯುತ್ತಿದ್ದ ಸಂಪರ್ಕವು ದಟ್ಟಣೆಯಿಂದ ೪೦ ಬಿಟ್ಟಿಗೆ ಕುಸಿಯಿತು. ಅದರ ಕಾರಣವನ್ನು ಶೋಧಿಸಿ ಅವರು ೧೯೮೮ರಲ್ಲಿ ಬರೆದ ಪ್ರಬಂಧದ ಮೇಲೆಯೇ ಇಂದಿನ ಅಂತರ್ಜಾಲವು ನಿಂತಿದೆ. ಅದಕ್ಕೂ ಮೊದಲು, ೧೯೮೫ರಲ್ಲಿಯೇ, ಜಾನ್ ನೇಗಲ್ ಎಂಬುವರು ಅನಂತವಾದ ಸಂಗ್ರಹವುಳ್ಳ ಜಾಲವೂ ದಟ್ಟಣೆಯಿಂದ ವ್ಯರ್ಥವಾಗುವುದೆಂದು ತೋರಿಸಿದ್ದರು. ೧೯೯೩ರಲ್ಲಿ ಸ್ಯಾಲಿ ಫ್ಲಾಯ್ಡ್ ಮತ್ತು ಜೇಕಬ್ಸನ್ ಇವರು, ಸಾಲು ತುಂಬುವುದಕ್ಕೆ ಮೊದಲೇ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ಟನ್ನು ಬಿಟ್ಟು ಸೂಚನೆಕೊಡುವ ಒಂದು ಕ್ರಮವನ್ನೂ ಸೂಚಿಸಿದರು. ಆದರೆ ಅದರ ಪ್ರಮಾಣಗಳನ್ನು ಒಂದೊಂದು ತಂತಿಗೂ ಬೇರೆಬೇರೆಯಾಗಿ ಹೊಂದಿಸಬೇಕಾಗಿದ್ದುದರಿಂದ ಅದನ್ನು ಉಪಯೋಗಿಸಿದವರು ವಿರಳ. ಹೀಗಿರಲು ಈ ವ್ಯಾಧಿಯು ಅಜ್ಞಾತವಾಗಿತ್ತೆನ್ನಲಾಗದು; ತಿಳಿದೂ ಮರೆತದ್ದಾಗಿತ್ತು.

ಅದನ್ನು ಮತ್ತೆ ಬೆಳಕಿಗೆ ತಂದವರು ಜಿಮ್ ಗೆಟಿಸ್. ಎಕ್ಸ್ ವಿಂಡೋ ವ್ಯವಸ್ಥೆಯ ಮೂಲ ರಚಕರಲ್ಲಿ ಒಬ್ಬರಾದ ಇವರು ೨೦೧೦ರಲ್ಲಿ ತಮ್ಮ ಮನೆಯಿಂದ ಹಳೆಯ ಕಡತಗಳ ದೊಡ್ಡ ರಾಶಿಯನ್ನು ಕಳುಹುತ್ತಿದ್ದಾಗ, ಮನೆಯ ಉಳಿದೆಲ್ಲ ಸಂಪರ್ಕವೂ ನಿಂತಂತಾಗುವುದನ್ನು ಕಂಡರು. ಅಳೆದು ನೋಡಲಾಗಿ, ಕೆಲವು ಮಿಲಿಸೆಕೆಂಡುಗಳಲ್ಲಿ ಹೋಗಿ ಬರತಕ್ಕ ಪ್ಯಾಕೆಟ್ಟು ಒಂದು ಸೆಕೆಂಡನ್ನೂ ಮೀರಿ ತಡವಾಗುತ್ತಿತ್ತು. ಇದಕ್ಕೆ ಅವರಿಟ್ಟ ಹೆಸರು ಬಫರ್‌ಬ್ಲೋಟ್. ಬಫರಿನ ಬೊಜ್ಜು ಎಂದರೆ ಅರ್ಥ ಸರಿಹೋಗುವುದು.

ಗೆಟಿಸರು ನಿದಾನವನ್ನು ಹೇಳಿದರು. ಚಿಕಿತ್ಸೆಯನ್ನು ಪರೀಕ್ಷಿಸುವ ಕ್ಷೇತ್ರವೊಂದು ಬೇಕಾಗಿತ್ತು. ಅದನ್ನು ಸಿದ್ಧಪಡಿಸಿದವರು ಅವರ ಸಹೋದ್ಯೋಗಿಯಾಗಿ ೨೦೧೧ರಲ್ಲಿ ಈ ಕಾರ್ಯಕ್ಕೆ ಇಳಿದ ಡೇವ್ ತಾತ್. ಓಪನ್‌ವರ್ಟಿನಿಂದ ಕವಲೊಡೆದ ಅವರ ಸೆರೊವರ್ಟು ನಾನಾ ಬಗೆಯ ಯಂತ್ರಗಳ ಗೊಡವೆಗೆ ಹೋಗಲಿಲ್ಲ. ನೆಟ್‌ಗಿಯರ್ ಸಂಸ್ಥೆಯ ಡಬ್ಲ್ಯುಎನ್‌ಡಿಆರ್೩೭೦೦ ಎಂಬುದರ ಎರಡನೆಯ ಆವೃತ್ತಿ ಮತ್ತು ೩೮೦೦, ಇವೆರಡನ್ನೇ ಹಿಡಿಯಿತು. ಎರಡರಲ್ಲಿಯೂ ೬೮೦ ಮೆಗಾಹರ್ಟ್ಸಿನ ಗಣಕ, ೧೬ ಮೆಗಾಬೈಟಿನ ಫ್ಲ್ಯಾಶ್. ಸ್ಮೃತಿ ಮಾತ್ರ ಮೊದಲನೆಯದರಲ್ಲಿ ೬೪, ಎರಡನೆಯದರಲ್ಲಿ ೧೨೮ ಮೆಗಾಬೈಟು. ಈ ಆಯ್ಕೆಗೆ ಕಾರಣ ಅಗ್ಗವೊಂದೇ ಅಲ್ಲ. ಅವುಗಳ ವೈಫೈ ಭಾಗವನ್ನು ನಡೆಸುವ ಡ್ರೈವರಿನ ಪಾಠವೂ ಪೂರ್ಣವಾಗಿ ತೆರೆದಿತ್ತು. ಸಾಲು ಎಲ್ಲಿ ನಿಲ್ಲುತ್ತದೆಂದು ಕೊನೆಯವರೆಗೂ ಹಿಂಬಾಲಿಸಿ ನೋಡಬಹುದಾಗಿತ್ತು. ಮೇಲಾಗಿ, ಎಲ್ಲ ಪರೀಕ್ಷಕರ ಕೈಯಲ್ಲಿಯೂ ಒಂದೇ ಯಂತ್ರವಿದ್ದರೆ ಒಬ್ಬನ ಅಳತೆಯನ್ನು ಮತ್ತೊಬ್ಬನ ಅಳತೆಯೊಡನೆ ಹೋಲಿಸಬಹುದು. ಪ್ರತಿಯೊಂದು ಆವೃತ್ತಿಗೂ ಅದು ಆಧರಿಸಿದ ಲಿನಕ್ಸಿನ ಸಂಖ್ಯೆಯನ್ನೇ ಇಡುತ್ತಿದ್ದದ್ದೂ ಚರಿತ್ರಕಾರನಿಗೆ ಉಪಕಾರವಾಗಿದೆ.

೨೦೧೨ನೆಯ ವರ್ಷವು ಈ ಚರಿತ್ರೆಯಲ್ಲಿ ಮುಖ್ಯವಾದದ್ದು. ಮಾರ್ಚಿಯಲ್ಲಿ ಬಂದ ಲಿನಕ್ಸ್ ೩.೩ರಲ್ಲಿ, ತಂತಿಯ ಡ್ರೈವರಿನೊಳಗೆ ಅಡಗಿರುವ ಸಾಲಿಗೆ ಮಿತಿಹಾಕುವ ಏರ್ಪಾಡು ಸೇರಿತು. ಮೇ ತಿಂಗಳಲ್ಲಿ ಕ್ಯಾತ್ಲೀನ್ ನಿಕಲ್ಸ್ ಮತ್ತು ಜೇಕಬ್ಸನ್ ಇವರು ಕೋಡೆಲ್ ಎಂಬ ಕ್ರಮವನ್ನು ಪ್ರಕಟಿಸಿದರು. ಅದರ ವೈಶಿಷ್ಟ್ಯವಿಷ್ಟು: ಸಾಲು ಎಷ್ಟು ಉದ್ದವಿದೆಯೆಂದು ಅದು ಕೇಳುವುದಿಲ್ಲ, ಪ್ಯಾಕೆಟ್ಟು ಎಷ್ಟು ಹೊತ್ತು ಕಾಯಿತೆಂದು ಕೇಳುತ್ತದೆ. ೧೦೦ ಮಿಲಿಸೆಕೆಂಡುಗಳ ಅವಧಿಯಲ್ಲಿ ಒಮ್ಮೆಯಾದರೂ ಆ ಕಾಲ ೫ ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯದಿದ್ದರೆ ಒಂದು ಪ್ಯಾಕೆಟ್ಟನ್ನು ಬಿಡುತ್ತದೆ. ಆಮೇಲೂ ಇಳಿಯದಿದ್ದರೆ ಬಿಡುವ ಅಂತರವನ್ನು ಕ್ರಮವಾಗಿ ಕಿರಿದುಮಾಡುತ್ತದೆ. ಹಿಂದಿನ ಕ್ರಮದಂತೆ ತಂತಿ ತಂತಿಗೂ ಪ್ರಮಾಣಗಳನ್ನು ಹೊಂದಿಸುವ ಶ್ರಮ ಇಲ್ಲಿಲ್ಲ. ಎರಿಕ್ ಡ್ಯೂಮಾಜೆ ಎಂಬುವರು ಇದಕ್ಕೆ ಮತ್ತೊಂದನ್ನು ಜೋಡಿಸಿದರು: ಒಂದೇ ಸಾಲಿಗೆ ಬದಲಾಗಿ ೧೦೨೪ ಸಾಲುಗಳು, ಒಂದೊಂದು ಹರಿವಿಗೂ ತನ್ನದೇ ಸಾಲು, ದೊಡ್ಡ ರಾಶಿಯ ಹಿಂದೆ ಸಣ್ಣ ಹರಿವು ಸಿಕ್ಕಿಕೊಳ್ಳದೆ ಮೊದಲು ಹೊರಡುವುದು. ಎಫ್‌ಕ್ಯು-ಕೋಡೆಲ್ ಎಂಬ ಈ ಸಂಯೋಗವು ಜುಲೈ ತಿಂಗಳ ಲಿನಕ್ಸ್ ೩.೫ರಲ್ಲಿ ಸೇರಿತು, ಸೆರೊವರ್ಟಿನೊಳಗೂ ಆ ವರ್ಷವೇ ಬಂದಿತು.

ಆದರೆ ರೌಟರಿನಲ್ಲಿ ಸಾಲನ್ನು ಸರಿಪಡಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಸಾಲು ನಿಲ್ಲುವುದು ಬಹುಮಟ್ಟಿಗೆ ರೌಟರಿನಾಚೆಯ ಮೋಡೆಮ್ಮಿನಲ್ಲಿ. ಅದರ ಪಾಠವಾದರೋ ಮುಚ್ಚಿದ್ದು. ಇದಕ್ಕೆ ಮಾಡಿದ ಉಪಾಯವು ಸರಳವಾದದ್ದು. ರೌಟರು ತಂತಿಯ ಶಕ್ತಿಗಿಂತ ತುಸು ಕಡಮೆ ವೇಗದಲ್ಲಿಯೇ ಕಳುಹುವಂತೆ ಕಟ್ಟುಮಾಡಿದರೆ, ಸಾಲು ಮೋಡೆಮ್ಮಿನಲ್ಲಿ ಕಟ್ಟದೆ ರೌಟರಿಗೆ ಹಿಂದೆಗೆದು ಬರುವುದು; ಅಲ್ಲಿ ಅದನ್ನು ಆಳಬಹುದು. ವೇಗದಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟು ವಿಳಂಬವನ್ನು ಗೆಲ್ಲುವ ಈ ವ್ಯಾಪಾರವನ್ನು ಹೆಚ್ಚು ವೇಗಕ್ಕೆಂದು ಹಣಕೊಟ್ಟ ಗೃಹಸ್ಥನಿಗೆ ಒಪ್ಪಿಸುವುದು ಸುಲಭವಾಗಿರಲಿಲ್ಲ.

ಆದುದರಿಂದಲೇ ಪರೀಕ್ಷೆಯ ಕ್ರಮಕ್ಕೆ ಇಷ್ಟು ಮಹತ್ತ್ವ. ಆ ಕಾಲದಲ್ಲಿ ಜನರು ಬಳಸುತ್ತಿದ್ದ ವೇಗಪರೀಕ್ಷೆಗಳು ಸಂಪರ್ಕವು ಸುಮ್ಮನಿರುವಾಗ ವಿಳಂಬವನ್ನು ಅಳೆದು, ಆಮೇಲೆ ಭಾರಹಾಕಿ ವೇಗವನ್ನು ಅಳೆಯುತ್ತಿದ್ದುವು. ಎರಡನ್ನೂ ಒಟ್ಟಿಗೆ ಅಳೆಯುತ್ತಿರಲಿಲ್ಲವಾಗಿ ವ್ಯಾಧಿಯು ಅವುಗಳಿಗೆ ಕಾಣುವಂತಿರಲಿಲ್ಲ. ಜ್ವರ ಬಿಟ್ಟಾಗ ಮಾತ್ರ ನಾಡಿ ಹಿಡಿಯುವ ವೈದ್ಯನ ಸ್ಥಿತಿ ಇದು. ತಾತ್ ಅವರು ೨೦೧೨ರ ಕೊನೆಯಲ್ಲಿ ಬೇರೊಂದು ಪರೀಕ್ಷೆಯನ್ನು ರೂಪಿಸಿದರು: ನಾಲ್ಕು ಹರಿವುಗಳನ್ನು ಮೇಲಕ್ಕೂ ನಾಲ್ಕನ್ನು ಕೆಳಕ್ಕೂ ಏಕಕಾಲದಲ್ಲಿ ಬಿಟ್ಟು, ಆ ಭಾರದ ನಡುವೆಯೇ ಸಣ್ಣ ಪ್ಯಾಕೆಟ್ಟುಗಳು ಹೋಗಿಬರುವ ಕಾಲವನ್ನು ಅಳೆಯತಕ್ಕದ್ದು. ಡೆನ್ಮಾರ್ಕಿನ ಟೋಕೆ ಹೊಯ್ಲಂಡ್-ಯೋರ್ಗೆನ್ಸನ್ ಎಂಬುವರು ಇದನ್ನು ನಡೆಸುವ ಸಾಧನವನ್ನು ಬರೆದರು. ಮುಂದೆ ಅದಕ್ಕೆ ಫ್ಲೆಂಟ್ ಎಂಬ ಹೆಸರಾಯಿತು. ಅಳತೆಯ ಅಂಕಿಗಳೆಲ್ಲ ಒಂದು ಕಡತದಲ್ಲಿ ಉಳಿಯುತ್ತಿದ್ದುದರಿಂದ, ಒಬ್ಬನು ತನ್ನ ಮನೆಯಲ್ಲಿ ಮಾಡಿದ ಪರೀಕ್ಷೆಯ ರೇಖಾಚಿತ್ರವನ್ನು ಸಾವಿರಾರು ಮೈಲಿ ದೂರದ ಮತ್ತೊಬ್ಬನು ತಾನೇ ಬರೆದು ನೋಡಬಹುದಾಗಿತ್ತು.

ಈ ಪರೀಕ್ಷೆಗಳಲ್ಲಿ ಹೊರಬಿದ್ದ ತೊಡಕುಗಳು ಗೆಲುವುಗಳಷ್ಟೇ ಬೋಧಕವಾಗಿವೆ. ಈಥರ್ನೆಟ್ ತಲೆಬರಹದ ಉದ್ದ ೧೪ ಬೈಟು. ಆ ಯಂತ್ರದ ಗಣಕವಾದರೋ ನಾಲ್ಕು ನಾಲ್ಕು ಬೈಟುಗಳ ಗಡಿಯಲ್ಲಿ ಓದುವುದನ್ನು ಬಯಸುವುದು. ಇದರಿಂದ ಪ್ರತಿ ಪ್ಯಾಕೆಟ್ಟಿಗೂ ಗಣಕವು ಎಡವಿ ಎಡವಿ ನಡೆಯುತ್ತಿತ್ತು. ಪಾಠದ ಅನೇಕ ಕಡೆಗಳಲ್ಲಿ ತಿದ್ದುಪಡಿ ಬೇಕಾಯಿತು. ಮತ್ತೊಂದು ತೊಡಕು ತರ್ಕಶಾಸ್ತ್ರದ ಅನ್ಯೋನ್ಯಾಶ್ರಯದೋಷಕ್ಕೆ ಉದಾಹರಣೆಯಾಗಬಲ್ಲದ್ದು. ಸೆರೊವರ್ಟಿನಲ್ಲಿ ಡಿಎನ್‌ಎಸ್‌ಸೆಕ್ ಎಂಬ, ಹೆಸರುಗಳ ವಿಳಾಸವು ನಿಜವೇ ಎಂದು ಸಹಿಯಿಂದ ಪರೀಕ್ಷಿಸುವ, ಪದ್ಧತಿಯನ್ನು ಅಳವಡಿಸಲಾಯಿತು. ಸಹಿಯ ಅವಧಿ ಮುಗಿದಿದೆಯೇ ಎಂದು ತಿಳಿಯಲು ಈಗಿನ ಕಾಲ ಗೊತ್ತಿರಬೇಕು. ರೌಟರಿನಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಕಾಲವನ್ನು ಅಂತರ್ಜಾಲದಿಂದ ಕೇಳಬೇಕು. ಕೇಳಬೇಕಾದರೆ ಕಾಲಸೇವಕದ ವಿಳಾಸ ಬೇಕು. ವಿಳಾಸವನ್ನು ನಂಬಬೇಕಾದರೆ ಕಾಲ ಗೊತ್ತಿರಬೇಕು! ಕಾಲ ದೊರೆಯುವವರೆಗೆ ಅವಧಿಯನ್ನು ನೋಡದೆ ಬಿಡುವ ವ್ಯವಸ್ಥೆಯಿಂದ ಇದನ್ನು ಬಿಡಿಸಿದರು. ಯಂತ್ರದ ಬಲಕ್ಕೂ ಮಿತಿ ಇತ್ತು: ವೇಗಕ್ಕೆ ಕಟ್ಟುಹಾಕುವ ಕೆಲಸವು ಸೆಕೆಂಡಿಗೆ ಸುಮಾರು ಐವತ್ತು ಅರವತ್ತು ಮೆಗಾಬಿಟ್ಟಿನಾಚೆಗೆ ಆ ಪುಟ್ಟ ಗಣಕದ ಶಕ್ತಿಗೆ ಮೀರುತ್ತಿತ್ತು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಪರೀಕ್ಷಕರೆಲ್ಲ ವಿಷಯಜ್ಞರು, ಸ್ವಯಂಪ್ರೇರಿತರು. ಯಂತ್ರವೂ ಒಂದೇ ಬಗೆಯದು. ಹೀಗಿರುವಲ್ಲಿ ಆ ಫಲಿತಾಂಶವು ಲೋಕಕ್ಕೆಲ್ಲ ಸಲ್ಲುವುದೆಂದು ಹೇಳುವುದು ಹೇಗೆ? ಆಕ್ಷೇಪವು ನ್ಯಾಯವಾದದ್ದೇ. ಆದರೆ ಪ್ರಯೋಗಶಾಲೆಯ ನಿರ್ಮಲವಾದ ತಂತಿಯಲ್ಲಿ ಕಾಣದ ದೋಷಗಳು ಕಂಡದ್ದು, ಮಕ್ಕಳು ಚಲನಚಿತ್ರ ನೋಡುತ್ತಿರುವಾಗ ಹಿರಿಯರು ದೂರವಾಣಿಯಲ್ಲಿ ಮಾತನಾಡಬೇಕಾದ ಮನೆಗಳಲ್ಲಿಯೇ.

೨೦೧೪ರ ಜುಲೈ ತಿಂಗಳ ೩.೧೦.೫೦-೧ ಎಂಬುದು ಸೆರೊವರ್ಟಿನ ಕಡೆಯ ಸ್ಥಿರ ಆವೃತ್ತಿ. ಅದರ ಸಾರವನ್ನು ಓಪನ್‌ವರ್ಟು ತನ್ನಲ್ಲಿ ಸೇರಿಸಿಕೊಂಡದ್ದರಿಂದ ಬೇರೆ ಕವಲಿನ ಅವಶ್ಯಕತೆ ಉಳಿಯಲಿಲ್ಲ. ಉಳಿದದ್ದು ವೈಫೈ. ತಂತಿಯ ಸಾಲು ಕರಗಿದರೂ ವೈಫೈ ಡ್ರೈವರಿನೊಳಗಿನ ಸಾಲು ಹಾಗೆಯೇ ಇತ್ತು. ಮೇಲಾಗಿ, ದೂರದಲ್ಲಿರುವ ಒಂದು ನಿಧಾನದ ಯಂತ್ರವು ಆಕಾಶಮಾರ್ಗದ ಕಾಲವನ್ನೆಲ್ಲ ನುಂಗಿ ಸಮೀಪದ ವೇಗಶಾಲಿಗಳನ್ನೂ ಕಾಯಿಸುತ್ತಿತ್ತು.

ಈ ಕೆಲಸ ನಡೆಯುತ್ತಿರುವಾಗಲೇ ಮೂಲಕ್ಕೆ ಕುತ್ತು ಬರುವಂತಾಯಿತು. ರೇಡಿಯೊ ಶಕ್ತಿಯ ಮಿತಿಯನ್ನು ಯಾರೂ ಮೀರದಂತೆ ತಡೆಯಲು ಅಮೆರಿಕದ ಸಂಪರ್ಕ ಆಯೋಗವು ೨೦೧೫ರಲ್ಲಿ ಸೂಚಿಸಿದ ನಿಯಮಗಳು, ರೌಟರಿನ ಫರ್ಮ್‌ವೇರನ್ನೇ ಬದಲಾಯಿಸಲಾಗದಂತೆ ಬೀಗಹಾಕುವುದಕ್ಕೆ ಎಡೆಮಾಡುವಂತಿದ್ದುವು. ಮುಕ್ತ ಫರ್ಮ್‌ವೇರುಗಳಲ್ಲಿ ಒಂದಾದ ಡಿಡಿ-ವರ್ಟಿನ ಹೆಸರೇ ಆಯೋಗದ ಒಂದು ಮಾರ್ಗದರ್ಶಿ ಪತ್ರದಲ್ಲಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ತಾತ್ ಅವರೂ, ಅಂತರ್ಜಾಲದ ಜನಕರಲ್ಲಿ ಒಬ್ಬರೆನಿಸಿದ ವಿಂಟ್ ಸರ್ಫ್ ಅವರೂ, ಮತ್ತು ಇನ್ನೂರ ಅರವತ್ತು ಮಂದಿ ತಜ್ಞರೂ ಕೂಡಿ ಆಯೋಗಕ್ಕೆ ಪತ್ರವನ್ನು ಒಪ್ಪಿಸಿದರು. ಬೀಗಕ್ಕೆ ಬದಲಾಗಿ ಮೂಲಪಾಠವನ್ನು ಪ್ರಕಟಿಸಬೇಕೆಂದೂ, ಕಾಲಕಾಲಕ್ಕೆ ದೋಷಗಳನ್ನು ತಿದ್ದಬೇಕೆಂದೂ ತಯಾರಕರಿಗೆ ವಿಧಿಸತಕ್ಕದ್ದೆಂಬುದು ಅವರ ವಾದ. ನವೆಂಬರಿನಲ್ಲಿ ಆಯೋಗವು ಆ ಪತ್ರವನ್ನು ತಿದ್ದಿ, ಡಿಡಿ-ವರ್ಟಿನ ಉಲ್ಲೇಖವನ್ನು ತೆಗೆದುಹಾಕಿತು. ೨೦೧೬ರ ಆಗಸ್ಟಿನಲ್ಲಿ ಶಕ್ತಿಮಿತಿಯ ವಿಷಯದಲ್ಲಿ ಟಿಪಿ-ಲಿಂಕ್ ಸಂಸ್ಥೆಯೊಡನೆ ಆದ ಒಪ್ಪಂದದಲ್ಲಿ, ಆ ಸಂಸ್ಥೆಯು ಎರಡು ಲಕ್ಷ ಡಾಲರು ತೆರುವುದರ ಜೊತೆಗೆ ಇತರರ ಫರ್ಮ್‌ವೇರಿಗೆ ಅವಕಾಶಕೊಡುವ ಕ್ರಮಗಳನ್ನೂ ಕೈಕೊಳ್ಳತಕ್ಕದ್ದೆಂದು ಗೊತ್ತಾಯಿತು.

೨೦೧೬ರ ಮೇ ತಿಂಗಳಲ್ಲಿ ಓಪನ್‌ವರ್ಟಿನ ರಚಕರಲ್ಲೇ ಭಿನ್ನಾಭಿಪ್ರಾಯವುಂಟಾಗಿ, ಒಂದು ಪಂಗಡವು ಲೀಡ್ ಎಂಬ ಹೆಸರಿನಲ್ಲಿ ಬೇರೆಯಾಯಿತು. ೨೦೧೮ರ ಜನವರಿಯಲ್ಲಿ ಎರಡೂ ಮತ್ತೆ ಕೂಡಿದುವು. ವೈಫೈ ಸಾಲಿನ ಪರಿಹಾರವು ಹೊರಬಂದದ್ದು ಈ ಅಗಲಿಕೆಯ ಕಾಲದಲ್ಲಿಯೇ. ಹೊಯ್ಲಂಡ್-ಯೋರ್ಗೆನ್ಸನ್, ತಾತ್ ಮೊದಲಾದವರ ಆ ಪ್ರಬಂಧವು ೨೦೧೭ರಲ್ಲಿ ಪ್ರಕಟವಾಯಿತು. ೨೦೧೮ರ ಜನವರಿಯಲ್ಲಿ ಎಫ್‌ಕ್ಯು-ಕೋಡೆಲ್ ಕ್ರಮವು ಅಂತರ್ಜಾಲದ ಪ್ರಮಾಣಪತ್ರಗಳ ಮಾಲೆಯಲ್ಲಿ ೮೨೯೦ನೆಯ ಸಂಖ್ಯೆಯಾಗಿ ದಾಖಲಾಯಿತು. ಅದರ ಐವರು ಕರ್ತೃಗಳಲ್ಲಿ ಗೆಟಿಸ್, ಡ್ಯೂಮಾಜೆ, ಹೊಯ್ಲಂಡ್-ಯೋರ್ಗೆನ್ಸನ್, ತಾತ್ ಇವರು ನಾಲ್ವರು. ಐದನೆಯವರು ಪಾಲ್ ಮೆಕೆನಿ. ತಾತ್ ಅವರು ೨೦೨೫ರ ಏಪ್ರಿಲ್ ೧ರಂದು ತೀರಿಕೊಂಡರು.