ಹೊಸ ಮೀನಿಗೆ ಕ್ವಾರಂಟೈನ್ ಯಾಕೆ? ಒಂದು ಬಿಳಿ ಚುಕ್ಕೆಯ ಚರಿತ್ರೆ

ಇವತ್ತಿನ ಸಂಚಿಕೆಯಲ್ಲಿ ಒಂದು ಚುಕ್ಕೆಯ ಕಥೆ. ಗಾತ್ರ ಹೆಚ್ಚೆಂದರೆ ಅರ್ಧ ಮಿಲಿಮೀಟರ್, ಬಣ್ಣ ಬಿಳಿ. ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಇದು ಕಂಡರೆ ಎದೆ ಧಸಕ್ ಅನ್ನುತ್ತೆ.

ಸಾಮಾನ್ಯವಾಗಿ ನಡೆಯೋದು ಹೀಗೆ. ತಿಂಗಳುಗಟ್ಟಲೆ ಕಷ್ಟಪಟ್ಟು ಒಂದು ರೀಫ್ ಟ್ಯಾಂಕ್ ಕಟ್ಟಿರ್ತಾರೆ. ಒಳಗೆ ಹವಳ, ಸಿಗಡಿ, ಬಸವನಹುಳು, ಒಂದು ಜೋಡಿ ಕ್ಲೌನ್ ಮೀನು. ಎಲ್ಲವೂ ಆರಾಮ. ಆಗ ಅಂಗಡಿಯಲ್ಲಿ ಒಂದು ಬ್ಲೂ ಟ್ಯಾಂಗ್ ಕಣ್ಣಿಗೆ ಬೀಳುತ್ತೆ. ಅದೇ, ‘ಫೈಂಡಿಂಗ್ ನೀಮೋ’ ಸಿನಿಮಾದ ಡೋರಿ. ತಂದು, ಪ್ಲಾಸ್ಟಿಕ್ ಚೀಲವನ್ನ ಸ್ವಲ್ಪ ಹೊತ್ತು ನೀರಿನ ಮೇಲೆ ತೇಲಿಸಿ, ಒಳಗೆ ಬಿಡ್ತಾರೆ. ಮೂರ್ನಾಲ್ಕು ದಿನದಲ್ಲಿ ಅದರ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಬೆಳ್ಳುಳ್ಳಿ ರಸ ಬೆರೆಸಿ ತಿನ್ನಿಸಿ ಅಂತ ಯಾರೋ ಹೇಳ್ತಾರೆ. ತಿನ್ನಿಸ್ತಾರೆ. ಎರಡು ದಿನದಲ್ಲಿ ಚುಕ್ಕೆ ಮಾಯ! ಬೆಳ್ಳುಳ್ಳಿಗೆ ಜೈ ಅಂತಾರೆ. ಒಂದೆರಡು ವಾರ ಕಳೆದ ಮೇಲೆ ಚುಕ್ಕೆ ವಾಪಸ್ ಬರುತ್ತೆ. ಈ ಸಲ ಡೋರಿ ಮೇಲೆ ಮಾತ್ರ ಅಲ್ಲ, ಮೊದಲಿಂದ ಇದ್ದ ಕ್ಲೌನ್ ಮೀನುಗಳ ಮೇಲೂ, ಅವುಗಳ ಕಿವಿರಿನೊಳಗೂ. ಮೀನುಗಳು ಏದುಸಿರು ಬಿಡೋಕೆ ಶುರು ಮಾಡುತ್ತವೆ. ಆಮೇಲಿನದು ಹೇಳೋದು ಬೇಡ.

ಈ ಮೋಸ ಅರ್ಥವಾಗೋಕೆ ಮನುಷ್ಯರಿಗೆ ಹೆಚ್ಚುಕಡಿಮೆ ಅರ್ಧ ಶತಮಾನ ಬೇಕಾಯಿತು.

ಕಥೆ ಶುರುವಾಗೋದು ಲಂಡನ್ ಮೃಗಾಲಯದಲ್ಲಿ. ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆದದ್ದು ಅಲ್ಲೇ, 1853ರಲ್ಲಿ. 1924ರಲ್ಲಿ ಅದೇ ಮೃಗಾಲಯ ಇನ್ನೂ ದೊಡ್ಡದೊಂದು ಅಕ್ವೇರಿಯಂ ಕಟ್ಟಿತು. ದೂರದ ಸಮುದ್ರಗಳ ಬಣ್ಣಬಣ್ಣದ ಮೀನುಗಳು ಒಂದೇ ಸೂರಿನಡಿ ಬಂದು ಸೇರಿದವು. ಅವುಗಳ ಜೊತೆ ಟಿಕೆಟ್ ಇಲ್ಲದ ಪ್ರಯಾಣಿಕರೂ ಬಂದಿದ್ದರು. ಅಲ್ಲಿನ ಮೀನುಗಳ ಕಿವಿರು ಮತ್ತು ಚರ್ಮದ ಮೇಲೆ ಅಂಟಿಕೊಂಡಿದ್ದ ಒಂದು ಏಕಕೋಶ ಪರಾವಲಂಬಿಯನ್ನು ಇ. ಎಂ. ಬ್ರೌನ್ ಎಂಬ ಸಂಶೋಧಕರು 1931ರಲ್ಲಿ ವಿವರಿಸಿದರು. ಇವತ್ತು ಅದರ ಹೆಸರು ಅಮೈಲೂಡಿನಿಯಂ. ಅಕ್ವೇರಿಯಂ ಮಂದಿ ‘ವೆಲ್ವೆಟ್’ ಅಂತಾರೆ, ಯಾಕಂದ್ರೆ ಮೀನಿನ ಮೈ ಮೇಲೆ ಮಖಮಲ್ಲಿನ ಹಾಗೆ ನವಿರಾದ ಧೂಳು ಕಾಣುತ್ತೆ. ಎಷ್ಟೋ ಸಲ ಧೂಳು ಕಾಣೋ ಮೊದಲೇ ಮೀನು ಸತ್ತಿರುತ್ತೆ.

ನಮ್ಮ ಬಿಳಿ ಚುಕ್ಕೆ ಬೇರೆ ಜೀವಿ. 1930ರ ದಶಕದ ಕೊನೆಗೆ ಜಪಾನಿನ ಸಿಕಾಮಾ ಸಮುದ್ರ ಮೀನುಗಳ ಬಿಳಿ ಚುಕ್ಕೆ ರೋಗದ ಬಗ್ಗೆ ಬರೆದರು. 1951ರಲ್ಲಿ ಅದೇ ಬ್ರೌನ್ ಅದಕ್ಕೆ ಹೆಸರಿಟ್ಟರು: ಕ್ರಿಪ್ಟೊಕ್ಯಾರಿಯಾನ್ ಇರಿಟನ್ಸ್. ಮೊದಲ ಭಾಗಕ್ಕೆ ‘ಅಡಗಿದ ಕೋಶಕೇಂದ್ರ’ ಅಂತ ಅರ್ಥ. ಎರಡನೆಯದಕ್ಕೆ ಅರ್ಥ ಬೇಕಿಲ್ಲ, ಕಿರಿಕಿರಿ ಅಂದ್ರೆ ಸಾಕು.

ಹೆಸರು ಸಿಕ್ಕಿತು, ಸರಿ. ಔಷಧಿ? ಅದೂ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೊದ ಸ್ಟೈನ್‌ಹಾರ್ಟ್ ಅಕ್ವೇರಿಯಂನ ರಾಬರ್ಟ್ ಡೆಂಪ್‌ಸ್ಟರ್ 1955ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವೆಲ್ವೆಟ್ ರೋಗಕ್ಕೆ ಅವರು ಸೂಚಿಸಿದ ಮದ್ದು ತಾಮ್ರದ ಸಲ್ಫೇಟ್. ಮಲೆನಾಡು, ಕರಾವಳಿ ಕಡೆಯವರಿಗೆ ಈ ವಸ್ತುವಿನ ಪರಿಚಯ ಮಾಡಿಕೊಡಬೇಕಿಲ್ಲ. ಅಡಿಕೆ ಕೊಳೆರೋಗಕ್ಕೆ ಸುಣ್ಣದ ಜೊತೆ ಸೇರಿಸಿ ಹೊಡೆಯೋ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತವೇ ಇದು. ಒಂದು ಲೀಟರ್ ನೀರಿಗೆ 0.15ರಿಂದ 0.20 ಮಿಲಿಗ್ರಾಂನಷ್ಟು ತಾಮ್ರ ಸಾಕು. ನೀರಲ್ಲಿ ಈಜುತ್ತಾ ಮೀನು ಹುಡುಕುವ ಪರಾವಲಂಬಿಯ ಮರಿಗಳು ಸಾಯುತ್ತವೆ. ಆ ಮಟ್ಟವನ್ನ ವಾರಗಟ್ಟಲೆ ಕಾಯ್ದುಕೊಂಡರೆ ಮೀನು ಉಳಿಯುತ್ತೆ. ಮುಂದೆ ಬಿಳಿ ಚುಕ್ಕೆಗೂ ಇದೇ ಮದ್ದಾಯಿತು.

ಅಂದರೆ 1955ಕ್ಕೇ ಕಥೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಕಾರಣ ರೋಗ ಅಲ್ಲ, ನಮ್ಮ ಆಸೆ.

ಆ ಕಾಲದ ಉಪ್ಪುನೀರಿನ ತೊಟ್ಟಿಗಳನ್ನ ನೆನೆಸಿಕೊಳ್ಳಿ. ಮೀನು ಜೀವಂತ, ಉಳಿದದ್ದೆಲ್ಲ ಅಲಂಕಾರ. ಹವಳ ಅಂದ್ರೆ ತೊಳೆದು ಬೆಳ್ಳಗೆ ಮಾಡಿದ ಅಸ್ಥಿಪಂಜರ. ಅಂಥ ತೊಟ್ಟಿಗೆ ತಾಮ್ರ ಹಾಕಿದರೆ ಸಾಯೋಕೆ ಬೇರೆ ಯಾರೂ ಇರಲಿಲ್ಲ. ಅಷ್ಟರಲ್ಲಿ ಇಂಡೊನೇಷ್ಯಾದ ಜಕಾರ್ತದಲ್ಲಿ ಲೀ ಚಿನ್ ಎಂಗ್ ಎಂಬುವರು ಬೇರೆ ದಾರಿ ಹಿಡಿದಿದ್ದರು. ಸಮುದ್ರದಿಂದ ಜೀವಿಗಳು ಅಂಟಿಕೊಂಡಿರುವ ಬಂಡೆ, ಜೀವಂತ ಹವಳ ತಂದಿಟ್ಟು, ಗಾಳಿಯ ಗುಳ್ಳೆ ಬಿಟ್ಟು, ಉಳಿದ ಕೆಲಸವನ್ನ ಆ ಬಂಡೆಯೊಳಗಿನ ಸೂಕ್ಷ್ಮಜೀವಿಗಳಿಗೇ ಬಿಟ್ಟರು. 1961ರಲ್ಲಿ ಅವರ ಬರಹ ಅಮೆರಿಕದ ‘ಟ್ರಾಪಿಕಲ್ ಫಿಶ್ ಹಾಬಿಯಿಸ್ಟ್’ ಪತ್ರಿಕೆಯಲ್ಲಿ ಬಂತು. ಜನ ತಕ್ಷಣ ತಲೆಕೆಡಿಸಿಕೊಳ್ಳಲಿಲ್ಲ. ಅಮೆರಿಕದ ಮನೆಗಳಿಗೆ ರೀಫ್ ಟ್ಯಾಂಕ್ ಹುಚ್ಚು ಹತ್ತಿದ್ದು 1986ರಲ್ಲಿ ಜಾರ್ಜ್ ಸ್ಮಿಟ್ ಬರೆದ ಲೇಖನಗಳ ನಂತರ.

(ನಡುವೆ ಒಂದು ಮಾತು. ನಮ್ಮಲ್ಲಿ ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದಕ್ಕೆ ಸೇರಿದ್ದು 2001ರಲ್ಲಿ. ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋದವರು ಅಲ್ಲಿಂದ ಒಂದು ತುಂಡು ಎತ್ತಿಕೊಂಡು ಬರೋ ಯೋಚನೆ ಕನಸಲ್ಲೂ ಮಾಡಬೇಡಿ.)

ಈಗ ಸಿಕ್ಕು ನೋಡಿ. ತಾಮ್ರ ಮೀನನ್ನ ಉಳಿಸುತ್ತೆ, ಆದರೆ ಹವಳ, ಸಿಗಡಿ, ಬಸವನಹುಳುಗಳಿಗೆ ಅದು ವಿಷ. ಸಾಲದ್ದಕ್ಕೆ ಸುಣ್ಣದಂಶದ ಕಲ್ಲು, ಮರಳು ತಾಮ್ರವನ್ನ ಹೀರಿಕೊಳ್ಳುತ್ತವೆ. ನೀರಲ್ಲಿ ಎಷ್ಟಿದೆ ಅನ್ನೋ ಲೆಕ್ಕವೇ ತಪ್ಪಿಹೋಗುತ್ತೆ. ಮದ್ದು ಕೈಯಲ್ಲಿದ್ದೂ ತೊಟ್ಟಿಗೆ ಹಾಕುವ ಹಾಗಿಲ್ಲ. ತೊಟ್ಟಿ ಚೆಂದವಾದಷ್ಟೂ ಮೀನಿಗೆ ಚಿಕಿತ್ಸೆ ಕೊಡೋಕೆ ಜಾಗ ಕಮ್ಮಿಯಾಯಿತು. ಹೊಸ ಮೀನನ್ನ ಮೊದಲು ಬೇರೆ ತೊಟ್ಟಿಯಲ್ಲಿ ಇಡೋ ಪದ್ಧತಿ ಒಳ್ಳೆ ಅಭ್ಯಾಸದ ಮಟ್ಟದಿಂದ ಅನಿವಾರ್ಯದ ಮಟ್ಟಕ್ಕೆ ಏರಿದ್ದು ಇದೇ ಕಾರಣಕ್ಕೆ ಅಂತ ನನಗನ್ನಿಸುತ್ತೆ.

ಎಷ್ಟು ದಿನ ಇಡಬೇಕು? ಕ್ವಾರಂಟೈನ್ ಅನ್ನೋ ಪದ ಇಟಲಿಯ ವೆನಿಸ್ ಕಡೆಯದು, ಅರ್ಥ ನಲವತ್ತು ದಿನ. 1377ರಲ್ಲಿ ರಗೂಸಾ, ಅಂದರೆ ಈಗಿನ ಕ್ರೊಯೇಷಿಯಾದ ಡುಬ್ರೊವ್ನಿಕ್, ಪ್ಲೇಗ್ ಊರುಗಳಿಂದ ಬಂದವರು ಹೊರಗೆ ಮೂವತ್ತು ದಿನ ಕಾಯಬೇಕು ಅಂತ ಕಾನೂನು ಮಾಡಿತ್ತು. ಮುಂದೆ ಅದು ನಲವತ್ತಾಯಿತು. ಆ ಕಾಲದಲ್ಲಿ ರೋಗಾಣು ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ. ಮೀನಿನ ವಿಷಯದಲ್ಲಿ ಮಾತ್ರ ದಿನದ ಲೆಕ್ಕ ಊಹೆಯಿಂದ ಬಂದದ್ದಲ್ಲ.

ಆ ಲೆಕ್ಕದ ಬಹುಭಾಗ ಬಂದದ್ದು ಕೆಂಪು ಸಮುದ್ರದ ದಡದ ಐಲಾತ್ ಎಂಬ ಇಸ್ರೇಲಿ ಊರಿಂದ. ಅಲ್ಲಿ ಏಂಜೆಲೊ ಕೊಲೊರ್ನಿ 1980ರ ದಶಕದಲ್ಲಿ ಈ ಪರಾವಲಂಬಿಯ ಬೆನ್ನು ಬಿದ್ದಿದ್ದರು. ಅಕ್ವೇರಿಯಂ ಪ್ರೀತಿಯಿಂದಲ್ಲ. ಊಟಕ್ಕೆ ಸಾಕುವ ಸೀ ಬ್ರೀಮ್ ಮೀನುಗಳಿಗೂ ಇದೇ ರೋಗ ಬರುತ್ತಿತ್ತು.

ಇಂಥ ಅಧ್ಯಯನಗಳಿಂದ ತೆರೆದುಕೊಂಡ ಜೀವನಚಕ್ರ ಹೀಗಿದೆ. ಪರಾವಲಂಬಿ ಮೀನಿನ ಚರ್ಮದ ಕೆಳಗೆ ಮೂರರಿಂದ ಏಳು ದಿನ ತಿಂದು ಕೊಬ್ಬುತ್ತೆ. ಚುಕ್ಕೆ ಕಾಣೋದು ಆಗ. ಹೊಟ್ಟೆ ತುಂಬಿದ ಮೇಲೆ ತಾನಾಗೇ ಕಳಚಿಕೊಳ್ಳುತ್ತೆ, ಹೆಚ್ಚಾಗಿ ಕತ್ತಲಲ್ಲಿ. ಬೆಳ್ಳುಳ್ಳಿಗೆ ಕೀರ್ತಿ ಬಂದದ್ದು ಈ ಹೊತ್ತಲ್ಲೇ! ಕಳಚಿದ್ದು ತಳದ ಕಲ್ಲಿಗೋ ಮರಳಿಗೋ ಅಂಟಿ, ಗಟ್ಟಿ ಕವಚ ಹೊದ್ದು, ಒಳಗೊಳಗೇ ಒಡೆದು ನೂರಾರು ಮರಿಗಳಾಗುತ್ತೆ. ಕವಚಕ್ಕೆ ತಾಮ್ರವೂ ನಾಟುವುದಿಲ್ಲ. ಹೊರಬಂದ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಇಲ್ಲದಿದ್ದರೆ ಸಾವು. ವಿಶಾಲ ಸಮುದ್ರದಲ್ಲಿ ಬಹುತೇಕ ಮರಿಗಳಿಗೆ ಮೀನು ಸಿಗೋದೇ ಇಲ್ಲ. ಇನ್ನೂರು ಲೀಟರಿನ ತೊಟ್ಟಿಯಲ್ಲಿ? ಮೀನಿಗೆ ಓಡಿಹೋಗೋಕೆ ಜಾಗವೇ ಇಲ್ಲ.

ಕವಚ ಒಡೆಯಲು ಮೂರು ದಿನವಾದರೂ ಬೇಕು ಅನ್ನೋದನ್ನೇ ಕೊಲೊರ್ನಿ ಆಯುಧ ಮಾಡಿಕೊಂಡರು. 1987ರಲ್ಲಿ ಅವರು ಸೂಚಿಸಿದ ಉಪಾಯ ಮೂರು ದಿನಕ್ಕೊಮ್ಮೆ ಮೀನನ್ನ ಬೇರೆ ಸ್ವಚ್ಛ ತೊಟ್ಟಿಗೆ ಸಾಗಿಸೋದು, ಹೀಗೆ ನಾಲ್ಕು ಸಲ. ಕಳಚಿಕೊಂಡ ಪರಾವಲಂಬಿ ಹಳೇ ತೊಟ್ಟಿಯ ತಳದಲ್ಲೇ ಉಳಿಯುತ್ತೆ, ಅದರ ಮರಿ ಹೊರಬರೋ ಹೊತ್ತಿಗೆ ಮೀನು ಅಲ್ಲಿರಲ್ಲ. ತಾಮ್ರವೂ ಬೇಡ. ಆದರೆ ಇದು ಬಿಳಿ ಚುಕ್ಕೆಗೆ ಮಾತ್ರ. ವೆಲ್ವೆಟ್‌ನ ಮುಂದೆ ಇದನ್ನ ನಂಬಿ ಕೂತರೆ ಮೀನು ಕಳೆದುಕೊಳ್ತೀರಿ. ವೆಲ್ವೆಟ್ಟಿನ ಬೀಜ ಗಾಳಿಯಲ್ಲಿ ತೇಲುವ ಸಣ್ಣ ಹನಿಗಳ ಜೊತೆಗೂ ಪಕ್ಕದ ತೊಟ್ಟಿಗೆ ದಾಟಬಲ್ಲದು ಅಂತ 2006ರಲ್ಲಿ ತೋರಿಸಿದ್ದಾರೆ. ಒಂದೇ ಬಲೆ, ಒಂದೇ ಬಕೆಟ್ ಬಳಸೋದಂತೂ ಬೇಡವೇ ಬೇಡ.

ಕ್ವಾರಂಟೈನ್ ಮಾಡದೆ ಮುಖ್ಯ ತೊಟ್ಟಿಗೇ ರೋಗ ಹೊಕ್ಕರೆ? ಕವಚಗಳು ಎಲ್ಲವೂ ಒಟ್ಟಿಗೆ ಒಡೆಯೋದಿಲ್ಲ. ದಾಖಲಾದ ಅತಿ ದೀರ್ಘ ಅವಧಿ 72 ದಿನ. ಹಾಗಾಗಿ ಎಲ್ಲ ಮೀನನ್ನೂ ಹಿಡಿದು ಹೊರಗಿಟ್ಟು, ಹವಳ ಮಾತ್ರ ಬಿಟ್ಟು, ಎರಡೂವರೆ ತಿಂಗಳು ತೊಟ್ಟಿಯನ್ನ ಬೀಳು ಬಿಡಬೇಕು. 1898ರ ಪ್ಲೇಗಿನ ಕಾಲದಲ್ಲಿ ನಮ್ಮ ಮೈಸೂರು ಸೀಮೆಯಲ್ಲಿ ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನ ಅಜ್ಜಿ ಬಾಯಲ್ಲಿ ಕೇಳಿದವರಿಗೆ ಇದು ಅರ್ಥವಾಗುತ್ತೆ. ಕಲ್ಲಿನ ಸಂದಿಯಲ್ಲಿ ಅವಿತ ಮೀನನ್ನ ಹಿಡಿಯೋಕೆ ಕಟ್ಟಿದ್ದ ಬಂಡೆಯನ್ನೆಲ್ಲ ಬಿಚ್ಚಬೇಕಾಗುತ್ತೆ ಅನ್ನೋದು ಬೇರೆ.

ಇದಕ್ಕೆ ಹೋಲಿಸಿದರೆ ಮುಂಚಿನ ಕೆಲಸ ಸುಲಭ. ಸಣ್ಣದೊಂದು ಗಾಜಿನ ತೊಟ್ಟಿ, ಸ್ಪಂಜಿನ ಫಿಲ್ಟರ್, ಹೀಟರ್, ಅವಿತುಕೊಳ್ಳೋಕೆ ಎರಡು ತುಂಡು ಪಿವಿಸಿ ಪೈಪ್. ಮರಳು, ಕಲ್ಲು ಹಾಕಬಾರದು. ದಿನಾ ಅಮೋನಿಯಾ ಪರೀಕ್ಷೆ ಮಾಡಬೇಕು, ಯಾಕಂದ್ರೆ ಹೊಸ ಸಣ್ಣ ತೊಟ್ಟಿಯಲ್ಲಿ ರೋಗಕ್ಕಿಂತ ಮೊದಲು ಅಮೋನಿಯಾನೇ ಕೊಂದುಬಿಡುತ್ತೆ. ‘ಕ್ವಾರಂಟೈನ್ ಮಾಡಿದ್ರೆ ಮೀನು ಒತ್ತಡದಿಂದ ಸಾಯುತ್ತೆ’ ಅನ್ನೋ ವಾದ ಹುಟ್ಟಿದ್ದು ಇಂಥ ತೊಟ್ಟಿಗಳಿಂದಲೇ ಇರಬೇಕು.

ಹಾಗೆ ನೋಡಿದ್ರೆ ಡೋರಿಯ ಒತ್ತಡ ಶುರುವಾಗಿದ್ದು ನಮ್ಮ ಮನೆಯಲ್ಲಲ್ಲ. ಬ್ಲೂ ಟ್ಯಾಂಗ್ ಮೀನನ್ನ ಮೊಟ್ಟೆಯಿಂದ ತೊಟ್ಟಿಯಲ್ಲೇ ಬೆಳೆಸೋಕೆ ಫ್ಲಾರಿಡಾ ವಿಶ್ವವಿದ್ಯಾಲಯದವರಿಗೆ ಮೊದಲ ಬಾರಿ ಸಾಧ್ಯವಾಗಿದ್ದು 2016ರಲ್ಲಿ. ಅದಕ್ಕೂ ಮುಂಚೆ ಅಂಗಡಿಗೆ ಬಂದ ಪ್ರತಿಯೊಂದು ಡೋರಿಯೂ ಯಾವುದೋ ಹವಳದ ದಿಬ್ಬದಿಂದ ಹಿಡಿದು ತಂದದ್ದು. ಈಗಲೂ ಅಂಗಡಿಯಲ್ಲಿ ಕಾಣುವ ಸಮುದ್ರ ಮೀನುಗಳಲ್ಲಿ ಬಹುಪಾಲು ಹಾಗೇ. ಹಿಡಿದವರ ಬಕೆಟ್, ರಫ್ತುದಾರರ ತೊಟ್ಟಿ, ವಿಮಾನ, ಆಮದುದಾರರ ತೊಟ್ಟಿ, ಆಮೇಲೆ ಅಂಗಡಿ. ಒಂದೊಂದು ನಿಲ್ದಾಣದಲ್ಲೂ ಅಪರಿಚಿತ ಮೀನುಗಳ ಜೊತೆ ಒಂದೇ ನೀರು. ಕೊನೆಗೆ ಮೂಲೆಯ ಆ ಬೋಳು ತೊಟ್ಟಿಯಲ್ಲಿ, ಪೈಪಿನೊಳಗೆ ಅರ್ಧ ಮೈ ತೂರಿಸಿಕೊಂಡು, ಎಷ್ಟೋ ದಿನಗಳ ನಂತರ ಅದು ಮೊದಲ ಬಾರಿ ಒಂದೇ ಒಂದು ಮೀನಾಗಿ ಉಸಿರಾಡುತ್ತಿರುತ್ತೆ.

ಮುಂದಿನ ವಾರ ಸಿಗೋಣ.