ನಮ್ಮ ಬೆಟ್ಟದಲ್ಲಿ ಇಲ್ಲದ ಗುಹೆ

ಇವತ್ತಿನ ಕಥೆ ರಾಮನಗರದ್ದೇ. ಆದ್ರೆ ಶುರುವಾಗೋದು ಮಾತ್ರ ಕುಮಟಾದಿಂದ ಯಾಣಕ್ಕೆ ಹೋಗೋ ಜೀಪಿನಲ್ಲಿ.

ನಾವು ಐದು ಜನ, ಎಲ್ಲರೂ ರಾಮನಗರ, ಮಾಗಡಿ ಕಡೆಯವರು, ಡಿಸೆಂಬರ್ ರಜೆಯಲ್ಲಿ ಕರಾವಳಿ ಸುತ್ತೋಕೆ ಹೋಗಿದ್ವಿ. ಬೀಚು, ದ್ವೀಪ, ಗುಹೆ ಮೂರೂ ಒಂದೇ ಟ್ರಿಪ್ಪಿನಲ್ಲಿ ಮುಗಿಸಬೇಕು ಅನ್ನೋ ಪ್ಲಾನು. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ ನೋಡಿದ್ವಿ. ಗೋಕರ್ಣದ ಓಂ ಬೀಚಿನಲ್ಲಿ ಸಂಜೆ ಕಳೆದ್ವಿ. ಕೊನೇ ದಿನ ಯಾಣ. ಜೀಪು ಓಡಿಸ್ತಿದ್ದ ಅಣ್ಣ ಕೇಳಿದ್ರು, "ಇಷ್ಟು ದೂರ ಬಂದ್ರಲ್ಲ, ನಿಮ್ಮ ಬದಿಗೆ ಗುಹೆ ಇಲ್ವೇನು?"

ನಾನು ಸುಮ್ಮನಿರಬೇಕಿತ್ತು. "ಇಲ್ದೇ ಏನಣ್ಣ, ನಮ್ಮೂರ ಗುಹೆ ಆಸ್ಕರ್ ಸಿನಿಮಾದಲ್ಲೇ ಬಂದಿದೆ" ಅಂದೆ. ಅವರು ಜೋರಾಗಿ ನಕ್ಕು ಆ ಕಡೆಯ ಗಾದೆ ಹೇಳಿದ್ರು. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ. ದಾರಿನೇ ಇಲ್ಲದ ಕಾಡಿನಲ್ಲಿ ಯಾಣಕ್ಕೆ ಹೋಗೋಕೆ ಮೈಯಲ್ಲಿ ಸೊಕ್ಕು ಬೇಕಿತ್ತು ಅಂತ ಅದರ ಅರ್ಥ. ನನ್ನ ಬಾಯಿ ನೋಡಿ ಹೇಳಿದ್ರೋ ಏನೋ.

ಊರಿಗೆ ಬಂದ ಮೇಲೆ ಆ ಮಾತು ಕೊರೆಯೋಕೆ ಶುರುವಾಯ್ತು. ಯಾಕಂದ್ರೆ ನಾನು ಹೇಳಿದ್ದು ಅರ್ಧ ನಿಜ, ಅರ್ಧ ಸುಳ್ಳು. ಸುಳ್ಳು ಯಾವ ಅರ್ಧ ಅಂತ ತಿಳಿಯೋಕೆ ಮೊದಲು ಕಲ್ಲಿನ ಬಗ್ಗೆ ಸ್ವಲ್ಪ ಮಾತಾಡಬೇಕು. ಬೋರ್ ಹೊಡೆಸಲ್ಲ.

ಯಾಣದಲ್ಲಿ ಎರಡು ದೊಡ್ಡ ಶಿಖರ ಇವೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಸಮುದ್ರ ಹತ್ತಿರವೇ ಇದ್ರೂ ಅಲ್ಲಿಂದ ಕಾಣಲ್ಲ, ಸುತ್ತ ಸಹ್ಯಾದ್ರಿಯ ಕಾಡು. ಇದ್ದಲಿನಷ್ಟು ಕಪ್ಪಗಿರೋ ಆ ಕಲ್ಲು ಅಸಲಿಗೆ ಸುಣ್ಣದ ಕಲ್ಲು. ನಂಬೋದು ಕಷ್ಟ, ನನಗೂ ಕಷ್ಟವಾಯ್ತು. ಸುಣ್ಣ ಅಂದ್ರೆ ಬೆಳ್ಳಗಿರಬೇಕು ಅನ್ನೋದು ನಮ್ಮ ಎಲೆ ಅಡಿಕೆ ಲೆಕ್ಕ. ಭೈರವೇಶ್ವರ ಶಿಖರದ ಬುಡದಲ್ಲಿ ಗುಹೆ, ಒಳಗೆ ಲಿಂಗ, ಮೇಲಿಂದ ನೀರು ತೊಟ್ಟಿಕ್ಕುತ್ತಾ ಇರುತ್ತೆ.

ಆ ನೀರೇ ಗುಹೆ ಮಾಡಿದ ಶಿಲ್ಪಿ. ಸೋಡಾ ಬಾಟಲಿಯಲ್ಲಿ ಗ್ಯಾಸ್ ತುಂಬಿರ್ತಾರಲ್ಲ, ಕಾರ್ಬನ್ ಡೈಆಕ್ಸೈಡ್, ಅದೇ ಗ್ಯಾಸು ಗಾಳಿಯಲ್ಲೂ ಮಣ್ಣಲ್ಲೂ ಇದೆ. ಮಳೆ ನೀರು ಅದನ್ನ ಹೀರಿಕೊಂಡು ಸಣ್ಣ ಹುಳಿಯಾಗುತ್ತೆ. ಸುಣ್ಣದ ಕಲ್ಲು ಆ ಹುಳಿಗೆ ನಿಧಾನಕ್ಕೆ ಕರಗುತ್ತೆ. ಬಿರುಕು ಸಂದಿಯಾಗುತ್ತೆ, ಸಂದಿ ಗುಹೆಯಾಗುತ್ತೆ. ಥಾಯ್ಲೆಂಡು, ವಿಯೆಟ್ನಾಂ ಕಡೆ ಸಮುದ್ರದಿಂದ ನೇರ ಎದ್ದು ನಿಂತಿರೋ ದ್ವೀಪಗಳನ್ನ ನೀವು ರೀಲ್ಸಿನಲ್ಲಿ ನೋಡಿರ್ತೀರ, ಅವೂ ಇದೇ ಕಲ್ಲು, ಇದೇ ಕೆಲಸ. ಸೇಂಟ್ ಮೇರೀಸ್ ಮಾತ್ರ ಬೇರೆ ಜಾತಿ. ಅದು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಳಚಿಕೊಳ್ತಿದ್ದ ಕಾಲದಲ್ಲಿ ಹರಿದ ಲಾವಾ. ಅದು ತಣ್ಣಗಾಗುವಾಗ ಬಿರುಕು ಬಿಟ್ಟು ಕಂಬ ಕಂಬವಾಗಿ ನಿಂತಿದೆ. ವಾಸ್ಕೋ ಡ ಗಾಮ 1498ರಲ್ಲಿ ಅಲ್ಲಿಳಿದು ಹೆಸರಿಟ್ಟ ಅನ್ನೋದು ಪ್ರತೀತಿ.

ಈಗ ನಮ್ಮ ಕಲ್ಲಿಗೆ ಬನ್ನಿ. ರಾಮನಗರದ ಬಂಡೆಗಳ ಮುಂದೆ 8.8 ಕೋಟಿ ಅನ್ನೋದು ನಿನ್ನೆ ಮೊನ್ನೆಯ ಮಾತು. ಇವಕ್ಕೆ ಸುಮಾರು 250 ಕೋಟಿ ವರ್ಷ. ಭೂವಿಜ್ಞಾನದಲ್ಲಿ ಇವಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಅಂತಾರೆ, ಉತ್ತರಕ್ಕೆ ನೂರಾರು ಕಿಲೋಮೀಟರ್ ಹೋಗೋ ಪಟ್ಟಿ. ಟಿಪ್ಪು ಕಾಲದಲ್ಲಿ ಶಂಸೇರಾಬಾದ್ ಅಂತಿದ್ದ ನಮ್ಮೂರಿಗೆ, ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಲ್ಲಿ ಕ್ಲೋಸ್‌ಪೇಟೆ ಅಂತ ಹೆಸರು ಬಂತು. ಕೆಂಗಲ್ ಹನುಮಂತಯ್ಯನವರು ಅದನ್ನ ರಾಮನಗರ ಮಾಡಿದರು. 2007ರಲ್ಲಿ ಜಿಲ್ಲೆಯಾಯ್ತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತಾಯ್ತು. ಊರಿನ ಹೆಸರು ಎಷ್ಟು ಸಲ ಬದಲಾದ್ರೂ ಕಲ್ಲಿನ ಹೆಸರು ಮಾತ್ರ ಆ ಬ್ರಿಟಿಷ್ ಅಧಿಕಾರಿಯದ್ದೇ ಉಳಿದುಕೊಂಡಿದೆ. ಹೆಂಗಿದೆ ನೋಡಿ.

ಈ ಕಲ್ಲು ಮಳೆ ನೀರಿಗೆ ಸುಣ್ಣದ ಕಲ್ಲಿನ ಥರ ಕರಗಲ್ಲ. ಬಿಸಿಲಿಗೆ, ಮಳೆಗೆ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತೆ, ಗೆರೆ ಕೊರೆದಂತೆ ಸೀಳುತ್ತೆ, ಉರುಳುತ್ತೆ. ಒಂದು ಹೆಬ್ಬಂಡೆ ಇನ್ನೊಂದಕ್ಕೆ ಒರಗಿ ನಿಂತಾಗ ಅಡಿಯಲ್ಲಿ ಉಳಿಯೋ ಜಾಗಕ್ಕೆ ನಾವು ಗವಿ ಅಂತೀವಿ. ಅದರಲ್ಲಿ ದೇವರನ್ನ ಕೂರಿಸ್ತೀವಿ. ಆದ್ರೆ ಬೆಟ್ಟದ ಹೊಟ್ಟೆಯೊಳಗೆ ಉದ್ದಕ್ಕೆ ಹೋಗೋ ಯಾಣದಂಥ ಗುಹೆ ಗ್ರಾನೈಟಿನಲ್ಲಿ ತಾನಾಗಿ ಹುಟ್ಟೋದು ಬಲು ಅಪರೂಪ. ಬೇಕಂದ್ರೆ ಮನುಷ್ಯರೇ ಕೊರೀಬೇಕು.

ಹಾಗಾದ್ರೆ ಸಿನಿಮಾದಲ್ಲಿ ಬಂದ ಗುಹೆ?

ಇ. ಎಂ. ಫಾರ್ಸ್ಟರ್ 1924ರಲ್ಲಿ 'ಎ ಪ್ಯಾಸೇಜ್ ಟು ಇಂಡಿಯಾ' ಅಂತ ಕಾದಂಬರಿ ಬರೆದರು. ಅದರಲ್ಲಿ ಮರಾಬಾರ್ ಅನ್ನೋ ಗುಹೆಗಳಿವೆ. ಡಾಕ್ಟರ್ ಅಜೀಜ್ ಇಬ್ಬರು ಇಂಗ್ಲಿಷ್ ಹೆಂಗಸರನ್ನ ಗುಹೆ ತೋರಿಸೋಕೆ ಕರ್ಕೊಂಡು ಹೋಗ್ತಾನೆ. ಒಳಗೆ ಏನು ಮಾತಾಡಿದ್ರೂ ಒಂದೇ ಥರದ ಪ್ರತಿಧ್ವನಿ. ಅಲ್ಲಿಂದ ಎಲ್ಲಾ ಹದಗೆಟ್ಟು ಕೋರ್ಟಿಗೆ ಹೋಗುತ್ತೆ. ಈ ಗುಹೆಗಳಿಗೆ ಮೂಲ ಬಿಹಾರದ ಗಯಾ ಹತ್ತಿರದ ಬರಾಬರ್ ಗುಹೆಗಳು. ಅವೂ ಗ್ರಾನೈಟೇ, ಅವನ್ನೂ ಮನುಷ್ಯರೇ ಕೊರೆದದ್ದು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಅಶೋಕನ ಕಾಲದಲ್ಲಿ ಆಜೀವಕ ಸನ್ಯಾಸಿಗಳಿಗಾಗಿ ಕೊರೆದು, ಒಳಗೋಡೆಯನ್ನ ಕನ್ನಡಿ ಥರ ನುಣುಪು ಮಾಡಿದ್ದರು.

ಡೇವಿಡ್ ಲೀನ್ ಈ ಕಾದಂಬರಿಯನ್ನ ಸಿನಿಮಾ ಮಾಡೋಕೆ ಹೊರಟಾಗ ಬರಾಬರ್‌ಗೆ ಹೋಗಿ ನೋಡಿದರು. ಚಪ್ಪಟೆಯಾಗಿದೆ, ನೋಟ ಇಲ್ಲ ಅನ್ನಿಸ್ತು. ಆ ಕಡೆ ಡಕಾಯಿತರ ಭಯ ಬೇರೆ. ಬಂದರು ನಮ್ಮ ಕಡೆಗೆ, ಸಾವನದುರ್ಗ ಮತ್ತು ರಾಮದೇವರ ಬೆಟ್ಟಕ್ಕೆ. ಬೆಟ್ಟ ಸಿಕ್ಕಿತು, ಗುಹೆ ಇರಲಿಲ್ಲ. ಸಿನಿಮಾದವರೇ ಬಂಡೆಯಲ್ಲಿ ಸಣ್ಣ ಸಣ್ಣ ಗುಹೆ ಬಾಯಿಗಳನ್ನ ಕೊರೆಸಿದರು. 1984ರಲ್ಲಿ ಸಿನಿಮಾ ಬಂತು, ಎರಡು ಆಸ್ಕರ್ ಗೆದ್ದಿತು. ಪೆಗ್ಗಿ ಆಶ್‌ಕ್ರಾಫ್ಟ್‌ಗೆ ಪೋಷಕ ನಟಿ, ಮಾರಿಸ್ ಜಾರ್‌ಗೆ ಸಂಗೀತ. ನಾನು ಯಾಣದ ಜೀಪಿನಲ್ಲಿ ಕೊಚ್ಚಿಕೊಂಡ ನಮ್ಮೂರ ಗುಹೆ ಇದು.

ನಮ್ಮ ಬೆಟ್ಟಗಳಿಗೆ ವೇಷ ಹಾಕೋದು ಹೊಸದೇನಲ್ಲ. ಅದಕ್ಕೂ ಹತ್ತು ವರ್ಷ ಮೊದಲು ರಾಮದೇವರ ಬೆಟ್ಟದ ಬುಡದಲ್ಲಿ ಉತ್ತರದ ಯಾವುದೋ ಹಳ್ಳಿ, ರಾಮ್‌ಗಢ, ಎದ್ದು ನಿಂತಿತ್ತು. 'ಶೋಲೆ' 1975ರ ಆಗಸ್ಟ್ 15ಕ್ಕೆ ಬಿಡುಗಡೆಯಾಯ್ತು. ಆ ಸೆಟ್ ಉಳಿದಿಲ್ಲ, ಹುಡುಕಿಕೊಂಡು ಬರೋರು ಮಾತ್ರ ಇವತ್ತಿಗೂ ಬರ್ತಾರೆ. ಇನ್ನೂ ಹಿಂದೆ ಹೋದ್ರೆ 1791. ಮೂರನೇ ಮೈಸೂರು ಯುದ್ಧ, ಕಾರ್ನ್‌ವಾಲಿಸ್ ಸೇನೆ ಡಿಸೆಂಬರ್ 21ರಂದು ಸಾವನದುರ್ಗ ಹಿಡಿಯಿತು. ಆ ಸೇನೆಯ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಈ ಬೆಟ್ಟವನ್ನ ಬರೆದ, 1794ರಲ್ಲಿ ಪುಸ್ತಕವಾಗಿ ಬಂತು. ಲಂಡನ್ನಿನವರು ನಮ್ಮ ಸಾವನದುರ್ಗವನ್ನ ತಮ್ಮ ಗೆಲುವಿನ ಚಿತ್ರವಾಗಿ ನೋಡಿದರು.

ನಮ್ಮವರಿಗೆ ಅದು ಬೇರೆ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನ ತಗೊಂಡಾಗ ಕೆಂಪೇಗೌಡರ ವಂಶದವರು ಮಾಗಡಿಗೆ ಬಂದು ನೆಲೆಸಿದರು, ಸಾವನದುರ್ಗವೇ ಅವರ ಬೆನ್ನಾಸರೆ. 1728ರಲ್ಲಿ ಮೈಸೂರಿನವರ ಕೈಗೆ ಹೋಗೋವರೆಗೂ ಅದು ಉಳೀತು. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ನೆತ್ತಿ. ಮಾಗಡಿಯ ನಮ್ಮ ಅಜ್ಜಿ ಮನೆ ಮಾಳಿಗೆಯಿಂದ ಮೋಡ ಇಲ್ಲದ ದಿನ ಕಾಣುತ್ತೆ. ಅಜ್ಜಿ ಅದನ್ನ ನೋಡಿಯೇ ಮಳೆ ಹೇಳ್ತಿದ್ರು. ಸಿನಿಮಾ ಗಿನಿಮಾ ಅವರಿಗೆ ಗೊತ್ತೇ ಇರಲಿಲ್ಲ.

ಈಗ ನಾನು ಹೇಳೋಕೆ ಹಿಂಜರೀತಿದ್ದ ಭಾಗ.

ಪಿಯುಸಿ ಮುಗಿದ ರಜೆಯಲ್ಲಿ ಆ ಸಿನಿಮಾ ಗುಹೆ ಹುಡುಕ್ತೀವಿ ಅಂತ ನಾವು ನಾಲ್ಕು ಜನ ರಾಮದೇವರ ಬೆಟ್ಟಕ್ಕೆ ಹೋದ್ವಿ. ಮೆಟ್ಟಿಲು ಬಿಟ್ಟು, ಪಟ್ಟಾಭಿರಾಮನ ಗುಡಿ ದಾಟಿ, ಕಲ್ಲಿನ ಸಂದಿಯಲ್ಲಿ ನುಗ್ಗಿದ್ವಿ. ಗುಹೆ ಸಿಗಲಿಲ್ಲ. ಸಿಗದಿದ್ದಕ್ಕೆ ಒಬ್ಬ ಎದುರಿನ ಕಡಿದಾದ ಬಂಡೆಗೆ ಮುಖ ಮಾಡಿ ಕೂಗಿದ. ಪ್ರತಿಧ್ವನಿ ಚೆನ್ನಾಗಿ ಬಂತು. ನಾನೂ ಕೂಗಿದೆ. ಎಲ್ಲರೂ ಕೂಗಿದ್ವಿ, ಒಬ್ಬರಿಗಿಂತ ಒಬ್ಬರು ಜೋರಾಗಿ. ಬಂಡೆಯ ಚಾಚಿನಿಂದ ದೊಡ್ಡದೊಂದು ಹಕ್ಕಿ ಎದ್ದು, ರೆಕ್ಕೆ ಬಡಿದು, ಸುತ್ತು ಹಾಕಿ ದೂರ ಹೋಯ್ತು. ನಾವು ಚಪ್ಪಾಳೆ ಹೊಡೆದ್ವಿ.

ಕೆಳಗೆ ಕುರಿ ಮೇಯಿಸ್ತಿದ್ದ ಯಜಮಾನರೊಬ್ಬರು ನಮ್ಮನ್ನ ನಿಲ್ಲಿಸಿ ಕೇಳಿದ್ರು. "ಮೊಟ್ಟೆ ಮ್ಯಾಲೆ ಕುಂತಿತ್ತು ಕಣ್ರಪ್ಪ. ಬಿಸಿಲಿಗೆ ಮೊಟ್ಟೆ ಬೆಂದೋದ್ರೆ ನೀವು ಇಕ್ಕಿ ಕೊಡ್ತೀರಾ?"

ಅದು ಉದ್ದ ಕೊಕ್ಕಿನ ರಣಹದ್ದು. ಕಡಿದಾದ ಬಂಡೆಯ ಗೂಡಿನಂಥ ಜಾಗದಲ್ಲೇ ಮೊಟ್ಟೆ ಇಡೋದು, ವರ್ಷಕ್ಕೆ ಒಂದೇ ಮೊಟ್ಟೆ. ಈ ಹಕ್ಕಿಗಳು ದೇಶದಲ್ಲೆಲ್ಲಾ ಲಕ್ಷಗಟ್ಟಲೆ ಸತ್ತಿದ್ದು ದನಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿಯಿಂದ. ಔಷಧಿ ಕೊಟ್ಟ ದನ ಸತ್ತರೆ, ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಹಾಳಾಗಿ ಅದೂ ಸಾಯ್ತಿತ್ತು. 2006ರಲ್ಲಿ ಸರ್ಕಾರ ಜಾನುವಾರುಗಳಿಗೆ ಆ ಔಷಧಿ ನಿಷೇಧಿಸಿತು. ಅಷ್ಟೊತ್ತಿಗೆ ರಾಮದೇವರ ಬೆಟ್ಟದಲ್ಲಿ ಬೆರಳೆಣಿಕೆಯಷ್ಟು ಹಕ್ಕಿ ಉಳಿದಿದ್ದವು. 2012ರಲ್ಲಿ ಇಲ್ಲಿನ ಸುಮಾರು 346 ಹೆಕ್ಟೇರ್ ಜಾಗವನ್ನ ರಣಹದ್ದು ವನ್ಯಧಾಮ ಅಂತ ಘೋಷಿಸಿದರು. ನಾವು ಕೂಗಿ ಎಬ್ಬಿಸಿದ್ದು ಅದಕ್ಕೂ ಸ್ವಲ್ಪ ಮೊದಲು, ಆ ಬೆರಳೆಣಿಕೆಯಲ್ಲಿ ಒಂದನ್ನ.

ಆ ಮೊಟ್ಟೆ ಏನಾಯ್ತು ಅಂತ ಆ ವಯಸ್ಸಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ. ಯಾಣದಿಂದ ಬಂದ ಮೇಲೆ ಯೋಚಿಸಿದೆ. ಅಲ್ಲಿ ಗುಹೆಯೊಳಗೆ ಗಲಾಟೆ ಮಾಡಬೇಡಿ, ಬಾವಲಿಗಳಿವೆ ಅಂತ ಜೀಪಿನ ಅಣ್ಣ ಮೊದಲೇ ಹೇಳಿ ಕಳಿಸಿದ್ರು. ನಾವು ಪಿಸುಗುಟ್ಟುತ್ತಾ ಓಡಾಡಿದ್ವಿ. ಪರವೂರಲ್ಲಿ ಬಂದಿದ್ದ ಆ ಬುದ್ಧಿ ಸ್ವಂತ ಊರಲ್ಲಿ ಎಲ್ಲಿ ಹೋಗಿತ್ತು?

ನಮ್ಮ ಜಿಲ್ಲೆಯಲ್ಲಿ ನೀರು ಕಲ್ಲನ್ನ ಕೊರೆದದ್ದು ನೋಡಲೇಬೇಕು ಅಂದ್ರೆ ಕನಕಪುರ ದಾಟಿ ಸಂಗಮಕ್ಕೆ, ಮೇಕೆದಾಟಿಗೆ ಹೋಗಿ. ಅರ್ಕಾವತಿ ಅಲ್ಲಿ ಕಾವೇರಿ ಸೇರುತ್ತೆ, ನಮ್ಮ ಪಾಲಿನ ಮರಳ ದಂಡೆ ಅದೇ. ಕರಗಿಸೋಕೆ ಆಗದ ಗ್ರಾನೈಟನ್ನ ನೀರು ಅಲ್ಲಿ ಬೇರೆ ದಾರಿಯಿಂದ ಗೆದ್ದಿದೆ. ಸುಳಿಯಲ್ಲಿ ಸಿಕ್ಕ ಸಣ್ಣ ಕಲ್ಲುಗಳು ಒರಳಿನಲ್ಲಿ ರುಬ್ಬಿದಂತೆ ತಿರುಗಿ ತಿರುಗಿ ಬಂಡೆಯಲ್ಲಿ ಗುಂಡಿ ತೋಡಿವೆ. ದೂರದಿಂದ ನೋಡಿ, ನೀರಿಗೆ ಇಳೀಬೇಡಿ. ಜಾರಿದ್ರೆ ಆ ಸುಳಿ ಬಿಡಲ್ಲ, ಸೆಲ್ಫಿಗೆ ಹೋಗಿ ವಾಪಸ್ ಬರದವರು ಇದ್ದಾರೆ.

ಹೋದ ತಿಂಗಳು ಮತ್ತೆ ರಾಮದೇವರ ಬೆಟ್ಟಕ್ಕೆ ಹೋಗಿದ್ದೆ. ಈ ಸಲ ಮೆಟ್ಟಿಲು ಬಿಡಲಿಲ್ಲ. ಚನ್ನಪಟ್ಟಣದ ಸ್ನೇಹಿತ ಬೈನಾಕ್ಯುಲರ್ ತಂದಿದ್ದ. ಎದುರಿನ ಬಂಡೆ ಮೇಲೆ ಅಲ್ಲಲ್ಲಿ ಬಿಳೀ ಪಟ್ಟೆಗಳು, ಯಾರೋ ಸುಣ್ಣದ ಬಕೆಟ್ ಕವುಚಿದಂತೆ. ಹಕ್ಕಿ ಹಿಕ್ಕೆ ಅದು. ಎಲ್ಲಿ ಬಿಳೀ ಪಟ್ಟೆ ಇದೆಯೋ ಅದರ ಮೇಲಿನ ಚಾಚಿನಲ್ಲಿ ಹುಡುಕಬೇಕು ಅಂತ ಅವನು ಹೇಳಿಕೊಟ್ಟ. ಮುಕ್ಕಾಲು ಗಂಟೆ ಹುಡುಕಿದ್ವಿ. ಒಂದು ಕಡೆ ಕಂದು ಬಣ್ಣದ ಏನೋ ಕತ್ತು ತಿರುಗಿಸಿತು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತ್ವಿ. ಅವನ ಫೋನ್ ರಿಂಗಾದಾಗ ಇಬ್ಬರೂ ಒಟ್ಟಿಗೆ ಅದರ ಮೇಲೆ ಬಿದ್ವಿ.